ಬೆಳಕಿಗಿಟ್ಟ ದೃಷ್ಟಿಬೊಟ್ಟು

ಕುಂದಾಪುರ ಪೇಟೆಯ ಮೊಬೈಲು ರಿಪೇರಿ ಅಂಗಡಿಯವರು ಮೊನ್ನೆ ನನ್ನ ಫೋನಿಗೆ ಹೊಸ ಗಾಜು ಕೂರಿಸಿದರು. ಕೆಲಸ ಚೊಕ್ಕ. ಎಲ್ಲ ಮುಗಿದ ಮೇಲೆ ಒಂದು ಬಟ್ಟೆಗೆ ಏನೋ ಔಷಧಿ ಹನಿಸಿ ಫೋನಿನ ಬೆನ್ನನ್ನೂ ಉಜ್ಜತೊಡಗಿದರು. "ತಡಿನಿ ಮಾರ್ರೆ" ಎಂದು ನಾನು ಕೈ ಚಾಚುವಷ್ಟರಲ್ಲಿ ಉಜ್ಜಿ ಆಗಿತ್ತು.

"ಬೆನ್ನಂಗೊಂದ್ ಕಪ್ ಕಲೆ ಇದ್ದಿತ್ತ್. ಎಂತದೋ ಎಣ್ಣಿ ಕೊಳಿ. ತೆಗ್ದೆ, ಕಾಣಿ" ಎಂದು ಅವರು ಫೋನನ್ನು ಕನ್ನಡಿಯ ಹಾಗೆ ಹಿಡಿದು ತೋರಿಸಿದರು.

ಅವರ ತಪ್ಪೇನೂ ಇಲ್ಲ. ಯಾರು ಕಂಡರೂ ಅದು ಕೊಳೆಯೇ. ನಾನು ಫೋನು ಜೇಬಿಗಿಳಿಸಿ ಬಸ್ಸು ಹತ್ತಿದೆ. ತ್ರಾಸಿ ದಾಟಿ, ಎಡಗಡೆ ಕಡಲೂ ಬಲಗಡೆ ಹೊಳೆಯೂ ಒಟ್ಟಿಗೇ ಕಣ್ಣಿಗೆ ಬೀಳುವಲ್ಲಿ ಫೋನು ಹೊರತೆಗೆದು ಅದರ ಬೋಳು ಬೆನ್ನನ್ನು ಸವರಿದೆ. ಆ ಕಲೆ ಇಟ್ಟವರು ಈ ಸಲ ಮಳೆಗಾಲ ಪೂರಾ ಬಿಡುವ ಮೊದಲೇ ಹೋಗಿಬಿಟ್ಟಿದ್ದರು.

ಊರಿಗೆಲ್ಲ ಅವರು ಹೊಳೆಬಾಗಿಲಕ್ಕ. ಮರವಂತೆಯಲ್ಲಿ ನಮ್ಮ ಮನೆಯಿಂದ ನಾಲ್ಕು ಹಿತ್ತಿಲು ಆಚೆಗೆ ಅವರ ಮನೆ. ಬೇರೆಯವರ ಮನೆ ಬಾಗಿಲೆಲ್ಲ ರಸ್ತೆಯ ಕಡೆಗಾದರೆ ಅವರದು ಹೊಳೆಯ ಕಡೆಗೆ. ಬೆಳಗಿನ ಮೀನು ಹೊತ್ತು ಬೈಂದೂರಿಗೆ ಬಸ್ಸಿನಲ್ಲಿ ಹೋಗಿ ಮಾರಿ, ಮಧ್ಯಾಹ್ನದ ಮೇಲೆ ಬರುವುದು ಅವರ ದಿನಚರಿ. ನನ್ನ ಕೆಲಸವೂ ಬೈಂದೂರಿನಲ್ಲೇ ಇದ್ದದ್ದರಿಂದ ವರ್ಷಗಟ್ಟಲೆ ಒಂದೇ ಬಸ್ಸಿನ ಸಹವಾಸ ನಮ್ಮದು. ಅವರು ಹಿಂದಿನ ಬಾಗಿಲ ಹತ್ತಿರ ಬುಟ್ಟಿಗೆ ಒರಗಿ ಕೂತರೆ ಇಡೀ ಬಸ್ಸಿಗೆ ಕೇಳುವ ಹಾಗೆ ಮಾತು.

ಅವರಿಗೆ ಒಂದು ಗೀಳಿತ್ತು. ಕಣ್ಣಿಗೆ ಚಂದ ಕಂಡದ್ದಕ್ಕೆಲ್ಲ ಕಾಡಿಗೆ ಬೊಟ್ಟು ಇಡುವುದು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಎಲ್ಲರೂ ಇಡುತ್ತಾರೆ. ಇವರು ಚಪ್ಪರದಲ್ಲಿ ತೂಗುವ ಕುಂಬಳಕಾಯಿಗೂ ಇಡುವವರು. ಹೊಸ ಕರುವಿಗೆ, ಸೊಸೆ ಹೊಲಿಸಿಕೊಂಡ ಹೊಸ ರವಿಕೆಯ ಒಳಮಡಿಕೆಗೆ, ಮಗನ ಬೋಟಿನ ಮೂತಿಗೆ. ಒಮ್ಮೆ ಬೈಂದೂರು ಮಾರುಕಟ್ಟೆಯಲ್ಲಿ ಅವರ ಬುಟ್ಟಿಯ ಮೇಲೆ ತೊಡೆಗಾತ್ರದ ಅಂಜಲ್ ಮೀನೊಂದು ಮಲಗಿತ್ತು. ತಲೆಯ ಹತ್ತಿರ ಕಪ್ಪು ಚುಕ್ಕಿ. ಗಿರಾಕಿಯೊಬ್ಬರು ಬಗ್ಗಿ ನೋಡಿ, "ಇದೆಂತ ಕಪ್ಪ್? ಹಾಳಾಯ್ತಾ ಮೀನ್?" ಎಂದರು.

"ಹಾಳಾಪ್ದ್ ನಿಮ್ ಕಣ್ಣ್ ಬಿದ್ರೆ. ಅದ್ಕೇ ಇಟ್ಟದ್."

ಗಿರಾಕಿ ನಗುತ್ತ ಅದನ್ನೇ ಕೊಂಡುಹೋದರು. ನನಗೆ ಕೆಲಸವಾದ ಮೊದಲ ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನೂ ಬಿಟ್ಟಿರಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ನಿಂತವನ ಕಿವಿಯ ಹಿಂದೆ ಬೆರಳೊತ್ತಿ, "ಹೋಯಿ ಬಾ. ಇನ್ನ್ ಯಾರ್ ಕಂಡ್ರೂ ಅಡ್ಡಿಲ್ಲೆ" ಎಂದಿದ್ದರು. ಆಫೀಸಿನಲ್ಲಿ ಪಕ್ಕದ ಕುರ್ಚಿಯವರು ಶಾಯಿ ಮೆತ್ತಿಕೊಂಡಿದ್ದೇನೆ ಎಂದು ತಿಳಿದು ಕರವಸ್ತ್ರ ಕೊಟ್ಟರು.

ಅಂಗಡಿಯ ಕಾಡಿಗೆ ಅವರಿಗೆ ಆಗದು. "ಅದ್ ಬರೀ ಬಣ್ಣ ಮಾರ್ರೆ, ಅದ್ಕೆ ಕಣ್ಣ್ ಹೆದ್ರತ್ತಾ?" ಹರಳೆಣ್ಣೆಯ ದೀಪ ಹಚ್ಚಿ, ಮೇಲೊಂದು ಕಂಚಿನ ಬಟ್ಟಲು ಕವುಚಿ, ಅದಕ್ಕೆ ಹಿಡಿದ ಮಸಿಯನ್ನು ಕೆರೆದು, ಮತ್ತೆ ಹರಳೆಣ್ಣೆಯಲ್ಲೇ ಕಲಸಿ ಒಂದು ಸಣ್ಣ ಕರಡಿಗೆಯಲ್ಲಿ ತುಂಬಿಡುವರು. ಆ ಕರಡಿಗೆ ಯಾವಾಗಲೂ ಸೊಂಟದಲ್ಲಿ. ಬೊಟ್ಟಿಟ್ಟ ಮೇಲೆ ಬೆರಳನ್ನು ತಲೆಕೂದಲಿಗೆ ಒರೆಸಿಕೊಳ್ಳುವುದು. ಅವರ ಬಲಗಿವಿಯ ಮೇಲಿನ ಕೂದಲು ನೆರೆತದ್ದು ಕಾಣುವುದೇ ಇಲ್ಲ ಎಂದು ನಾವು ನಗುವುದಿತ್ತು.

ಮನೆಯ ಬಾಗಿಲು ಹೊಳೆಯ ಕಡೆಗೆ ಯಾಕೆ ಎಂದು ಹೇಳಲೇ ಇಲ್ಲ ನೋಡಿ. ಹೊಳೆಯಾಚೆ ಪಡುಕೋಣೆಯಲ್ಲಿ ಅವರ ತಂಗಿಯ ಮನೆ. ಅಕ್ಕತಂಗಿಯರ ತೌರು ಕೋಡಿ ಎಂಬ ಊರು, ಅಪ್ಪ ದೋಣಿಯವರು. ಅಕ್ಕನನ್ನು ಮರವಂತೆಗೆ ಕೊಟ್ಟಾಗಿತ್ತು, ತಂಗಿಯನ್ನು ಆಚೆ ದಡಕ್ಕೆ ಕೊಟ್ಟ ದಿನ ಅಪ್ಪ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರಂತೆ: "ಒಬ್ಳ್ ಈಚಿ, ಒಬ್ಳ್ ಆಚಿ. ದೀಪ ಹಚ್ಚು ಹೊತ್ತಿಗೆ ಒಬ್ರಿಗೊಬ್ರ್ ಬೆಳ್ಕ್ ಕಾಣ್ಸಿನಿ. ನಾವ್ ದೋಣಿಯಿಂದ ದಡಕ್ ಕಾಣ್ಸ್ದಾಂಗೆ. ಕಂಡ್ರೆ ಸುಖ ಅಂದೇಳಿ ಲೆಕ್ಕ."

ಅಂದಿನಿಂದ ಅದು ನಡೆದುಬಂತು. ಮೊದಮೊದಲು ಒಣ ತೆಂಗಿನಗರಿ ಬಿಗಿದು ಕಟ್ಟಿದ ಸೂಡಿ ಹೊತ್ತಿಸಿ ಬೀಸುತ್ತಿದ್ದರು. ಆಮೇಲೆ ಲಾಟೀನು, ಆಮೇಲೆ ಸೆಲ್ಲು ಹಾಕುವ ಟಾರ್ಚು. ಹೊಳೆಬಾಗಿಲಕ್ಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತು ಬೆಳಕನ್ನು ದೊಡ್ಡದಾಗಿ ಸುತ್ತಿಸುವರು. ಆಚೆಯಿಂದಲೂ ಒಂದು ಬೆಳಕು ಸುತ್ತುವುದು. ಅಷ್ಟಾದರೆ ಆಯಿತು, ಒಳಗೆ ಹೋಗಿ ಗಂಜಿಗೆ ಇಡಬಹುದು. ಜಡಿಮಳೆಯ ದಿನ ಮಾತ್ರ ಇಬ್ಬರಿಗೂ ರಜೆ.

ಮನೆಗೆ ಕರೆಂಟು ಬಂದ ಮೇಲೆ ಮಗ, "ಅಂಗ್ಳದಂಗೆ ಒಂದ್ ಬಲ್ಬ್ ಹಾಕ್ತೆ ಅಬ್ಬಿ. ದಿನಾ ಹೋಯಿ ನಿಂತ್ಕಂಬ್ದ್ ಎಂತಕ್?" ಎಂದನಂತೆ. ಅಕ್ಕ ಒಪ್ಪಲಿಲ್ಲ. "ಬಲ್ಬ್ ಯಾರ್ ಹಾಕಿರೂ ಉರಿತ್ತ್. ನಾನ್ ಸತ್ತ್ ಬಿದ್ದಿರೂ ಉರಿತ್ತ್. ಕೈಯಂಗಿನ್ ಬೆಳ್ಕ್ ಕೈ ಇದ್ರೆ ಮಾತ್ರ ಸುತ್ತತ್ತ್."

ಇಷ್ಟು ಪ್ರೀತಿಯ ಅಕ್ಕತಂಗಿಯರು ಮಾತು ಬಿಟ್ಟದ್ದು ಒಂದು ಕಿಟಕಿಯ ದೆಸೆಯಿಂದ.

ತಂಗಿಯ ಮಗಳಿಗೆ ಮದುವೆ, ಬ್ರಹ್ಮಾವರದ ಒಂದು ಕಲ್ಯಾಣಮಂಟಪದಲ್ಲಿ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಮನೆಗೆ ಬಂದು, ಕೂತು, ಕುಂಕುಮ ಕೊಟ್ಟು, ಬಾಯಿಬಿಟ್ಟು ಬನ್ನಿ ಎನ್ನಬೇಕು. ಅದಕ್ಕೇ ಹೇಳಿಕೆ ಎನ್ನುವುದು. ತಂಗಿ ಬಂದದ್ದು ಹೌದು. ಆದರೆ ಅಕ್ಕ ಬೈಂದೂರಿನಲ್ಲಿ ಮೀನು ಮಾರುತ್ತಿದ್ದ ಹೊತ್ತು. ಬಾಗಿಲಿಗೆ ಬೀಗ. ಅವಳಿಗೆ ಇನ್ನೂ ಹತ್ತು ಮನೆ ಮುಗಿಸಬೇಕಿತ್ತು. ಕಾಗದವನ್ನು ಕಿಟಕಿಯ ಸರಳಿನ ಸಂದಿಗೆ ಸಿಕ್ಕಿಸಿ, ಸ್ವಂತ ಅಕ್ಕನಲ್ಲವೇ ಎಂದುಕೊಂಡು ಹೋದಳು. ಮತ್ತೆ ಬರಲಾಗಲಿಲ್ಲ.

ಮದುವೆಯ ದಿನ ಬೆಳಗ್ಗೆ ಹೊಳೆಬಾಗಿಲಕ್ಕ ಎಂದಿನಂತೆ ಬುಟ್ಟಿ ಹೊತ್ತು ಬಸ್ಸು ಹತ್ತಿದ್ದನ್ನು ಕಂಡು ನಾನು ದಂಗಾದೆ.

"ಇವತ್ತ್ ಮದಿ ಅಲ್ದಾ ಅಕ್ಕ?"

"ಹೌದಂಬ್ರ್. ಕಿಟ್ಕಿಗ್ ಹೇಳ್ಕೆ ಆಯ್ತ್. ಕಿಟ್ಕಿಯೇ ಹೋಯ್ಲಿ ಮದಿಗೆ."

ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ. ತಂಗಿಗೂ ಕೋಪ ಬಂತು. ಅಕ್ಕನೇ ಬಾರದ ಮದುವೆ ಎಂದು ನೆಂಟರೆದುರು ತಲೆ ತಗ್ಗಿಸಿದವಳು ಅವಳು. ಇವರು ಹೋಗಲಿಲ್ಲ, ಅವಳು ಬರಲಿಲ್ಲ. ಫೋನು ಮೊದಲು ಯಾರು ಮಾಡುವುದು ಎಂಬಲ್ಲಿಗೆ ಎಲ್ಲ ನಿಂತಿತು. ಮಾತಿಲ್ಲದೆ ವರ್ಷಗಳೇ ಹೋದವು. ಮದುಮಗಳಿಗೆ ಮಕ್ಕಳಾಗಿ ಶಾಲೆಗೂ ಹೋದವು.

ಆದರೆ ಮದುವೆಯ ದಿನದ ಸಂಜೆಯೂ ಬೆಳಕು ತಪ್ಪಿರಲಿಲ್ಲ. ಅಕ್ಕ ಕಲ್ಲಿನ ಮೇಲೆ ನಿಂತು ಟಾರ್ಚು ಸುತ್ತಿಸಿದರು. ಆಚೆ ಕತ್ತಲು, ಮನೆಯವರೆಲ್ಲ ಮಂಟಪದಿಂದ ಇನ್ನೂ ಬಂದಿರಲಿಲ್ಲ. ಇವರು ಕೂತೇ ಇದ್ದರು. ಕಡೆಗೂ ಆಚೆ ಬೆಳಕು ಹೊತ್ತಿ ಸುತ್ತಿದ ಮೇಲೆಯೇ ಒಳಗೆ ಹೋದದ್ದು. "ಮಾತ್ ಬಿಟ್ಟಾಯ್ತಲೆ, ಇದೆಂತಕ್ ಮತ್ತೆ?" ಎಂದು ನಾನೊಮ್ಮೆ ಕೆಣಕಿದ್ದೆ. "ಮಾತ್ ಬಿಟ್ಟದ್ ನಾನ್. ಬೆಳ್ಕ್ ಅಪ್ಪಯ್ಯಂದ್" ಎಂದಿದ್ದರು. ಆಚೆ ದಡದಿಂದ ಬೈಂದೂರಿಗೆ ಬರುವ ಹೆಂಗಸರು ಮಾರುಕಟ್ಟೆಯಲ್ಲಿ ಸಿಕ್ಕರೆ ಮೀನು ಕಡಿಯುತ್ತ ಕಡಿಯುತ್ತ, ಯಾರದೋ ಸುದ್ದಿಯೆಂಬಂತೆ ತಂಗಿಯ ಸುದ್ದಿಯನ್ನೆಲ್ಲ ಬಿಡಿಸಿಕೊಳ್ಳುವರು. ಅವಳಿಗೆ ಎದೆನೋವು ಬಂದು ಆಸ್ಪತ್ರೆಗೆ ಹೋಗಿಬಂದದ್ದು ಹಾಗೆಯೇ ಗೊತ್ತಾದದ್ದು.

ವಯಸ್ಸಾಗಿ ಮೀನಿನ ಬುಟ್ಟಿ ಕೆಳಗಿಟ್ಟ ಮೇಲೆ ಮಗ ಅವರಿಗೊಂದು ಕರಿಯ ಬಣ್ಣದ ಸ್ಮಾರ್ಟ್ ಫೋನು ತಂದು, ಹಳೆಯ ನಂಬರನ್ನೇ ಹಾಕಿಕೊಟ್ಟ. ಅದರಲ್ಲಿ ಅವರಿಗೆ ಬೇಕಾದದ್ದು ಒಂದೇ, ಟಾರ್ಚು. ಮೇಲಿನಿಂದ ಕೆಳಕ್ಕೆ ಬೆರಳೆಳೆದು ಚಿತ್ರದ ಮೇಲೆ ಒತ್ತುವುದನ್ನು ನಾನೇ ಕಲಿಸಿದೆ. ಆ ಸಂಜೆ ಅವರು ಸುತ್ತಿಸಿದ ಬೆಳಕು ಹೊಳೆ ನೀರಿನ ಮೇಲೆಲ್ಲ ಓಡಾಡಿತು. "ಎಂಥಾ ಬೆಳ್ಕ್ ಮಾರ್ರೆ! ಪಡುಕೋಣೆ ಎಂತ, ಅದ್ರಾಚಿಗೂ ಕಾಂಗ್" ಎಂದು ನಾನು ಬಾಯ್ತುಂಬ ಹೊಗಳಿದೆ. ಅವರು ನನ್ನನ್ನೊಮ್ಮೆ ದಿಟ್ಟಿಸಿ ನೋಡಿದರು. ಆ ನೋಟಕ್ಕೆ ಅರ್ಥವಿತ್ತೆಂದು ನನಗೆ ಹೊಳೆಯಲಿಲ್ಲ.

ಮರುದಿನ ಸಂಜೆ ಅವರ ಮನೆಯ ಪಕ್ಕದ ದಾರಿಯಲ್ಲಿ ಸುತ್ತಾಡಿಕೊಂಡು ಬರುತ್ತಿದ್ದೆ. ಮಳೆ ಹೊಳವಾಗಿ ಆಕಾಶ ತೊಳೆದಿಟ್ಟ ಹಾಗಿತ್ತು.

"ಹ್ವಾಯ್, ಇಲ್ ಬನಿ ಕಾಂಬ! ಇದ್ರ್ ಬೆಳ್ಕ್ ಬತ್ತಿಲ್ಲೆ!"

ಮಗ ಕಡಲಿಗೆ ಹೋಗಿದ್ದ, ಸೊಸೆ ಮಕ್ಕಳೊಟ್ಟಿಗೆ ತೌರಿಗೆ ಹೋಗಿದ್ದಳು. ಅಕ್ಕ ಒಬ್ಬರೇ ಕಲ್ಲಿನ ಹತ್ತಿರ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಹೊಳೆಯಾಚೆ ಆಗಲೇ ಬೆಳಕು ಸುತ್ತುತ್ತಿತ್ತು. ನಾನು ಫೋನು ಇಸಕೊಂಡು ಒತ್ತಿದೆ. ಟಾರ್ಚಿನ ಚಿತ್ರ ಹಳದಿಯಾಯಿತು. ಬೆಳಕಿಲ್ಲ.

"ಹೊತ್ತಿತ್ ಅಂದೇಳಿ ತೋರ್ಸತ್ತಲೆ ಇದ್."

"ಹೊತ್ತಿರೆ ಕಾಂಬ್ದಿಲ್ಯಾ? ಒಳ್ಗೊಳ್ಗೇ ಉರಿತಾ ಇತ್ತಾ?"

ಬ್ಯಾಟರಿ ನೋಡಿದೆ, ಬೇಕಾದಷ್ಟಿತ್ತು. ಕ್ಯಾಮೆರಾ ತೆರೆದೇ ಇದ್ದರೆ ಟಾರ್ಚು ಹೊತ್ತದು ಎಂದು ಕೇಳಿದ್ದೆ, ತೆರೆದದ್ದನ್ನೆಲ್ಲ ಮುಚ್ಚಿದೆ. ಬ್ಯಾಟರಿ ಉಳಿಸುವ ಗುಂಡಿ ಆಫ್ ಮಾಡಿದೆ. ಅಂಗೈಗೆ ನಾಲ್ಕು ಸಲ ಬಡಿದದ್ದೂ ಹೌದು. ಆಚೆಯ ಬೆಳಕು ನಿಂತಿತು. ಸ್ವಲ್ಪ ತಡೆದು ಮತ್ತೆ ಸುತ್ತಿತು, ಮೊದಲಿಗಿಂತ ಬೇಗಬೇಗ.

"ಕಾಣಿ, ಹೆದ್ರತ್ತಿದ್ಲ್" ಎಂದರು ಅಕ್ಕ. "ಅವ್ಳ್ ಎದಿ ಸಮ ಇಲ್ಲೆ. ಬೇಗ ಮಾಡಿನಿ."

"ಫೋನ್ ಇತ್ತಲೆ ಕೈಯಂಗೆ! ಕಾಲ್ ಮಾಡಿ ಹೇಳಿನಿ."

"ನಾನಾ? ಕಿಟ್ಕಿಗ್ ಹೇಳ್ಕೆ ಕೊಟ್ಟವ್ಳಿಗಾ?"

"ಹಂಗಾರೆ ನಾನ್ ಮಾಡ್ತೆ."

"ನೀವ್ ಮಾಡ್ರೆ ನಾನ್ ಮಾಡ್ಸಿದಾಂಗೇ ಆಯ್ತಲೆ!"

ನನ್ನ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಓಡಿಹೋಗಿ ತರುತ್ತೇನೆಂದರೆ, "ಅಷ್ಟೊತ್ತ್ ಅವ್ಳ್ ತಡಿತ್ಲಾ?" ಎಂದು ಬಿಡಲಿಲ್ಲ. ಹಳೆಯ ಟಾರ್ಚಿನ ಹೊಟ್ಟೆಯೊಳಗೆ ಸೆಲ್ಲು ಕರಗಿ ಉಪ್ಪುಗಾಳಿಗೆ ತುಕ್ಕು ಹಿಡಿದುಹೋಗಿತ್ತು. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋದೀತು ಎಂದು ನಾನು ಫೋನನ್ನು ಪೂರಾ ಆರಿಸಿದೆ. ಅದು ಮತ್ತೆ ಎಚ್ಚರಾಗಲು ತನ್ನದೇ ಹೊತ್ತು ತೆಗೆದುಕೊಂಡಿತು. ಕಾಯುವ ತಾಳ್ಮೆ ಅಕ್ಕನಿಗಿರಲಿಲ್ಲ. ಸೌದೆ ಕೊಟ್ಟಿಗೆಗೆ ನುಗ್ಗಿ ಒಂದು ಹಿಡಿ ಒಣಗರಿ ಎಳೆದು, ಕೈಗೆ ಸಿಕ್ಕಿದ ಬಳ್ಳಿಯಲ್ಲಿ ಬಿಗಿದು, ಒಲೆಗೆ ಹಿಡಿದು ತಂದೇಬಿಟ್ಟರು. ಎಷ್ಟೋ ಕಾಲದ ಮೇಲೆ ಆ ಅಂಗಳದಲ್ಲಿ ಸೂಡಿ ಹೊತ್ತಿತು.

ಆದರೆ ಕೈ ಹಿಂದಿನ ಕೈಯಲ್ಲ. ಬೀಸಲು ಎತ್ತಿದರು, ಅರ್ಧ ಸುತ್ತು ಬರುವಷ್ಟರಲ್ಲಿ ತೋಳು ಸೋತು ಸೂಡಿ ಅಂಗಳಕ್ಕೆ ಬಿತ್ತು. ಬಿದ್ದಲ್ಲೇ ಭಗ್ಗನೆ ಉರಿಯಿತು.

ಆಚೆಯ ಬೆಳಕು ತಟ್ಟನೆ ಆರಿತು.

"ಕಂಡ್ಲ್!" ಎಂದು ಅಕ್ಕ ಕಲ್ಲಿನ ಮೇಲೆ ಕುಸಿದು ಕೂತರು. "ಕಂಡ್ ಒಳ್ಗ್ ಹೋದ್ಲ್. ಅಬ್ಬ!"

ನಾನು ಬೂದಿಗೆ ನೀರು ಸುರಿದು, ಎಚ್ಚರಾದ ಫೋನಿನಲ್ಲಿ ಮತ್ತೆ ಟಾರ್ಚು ಒತ್ತಿದೆ. ಮತ್ತೆ ಚಿತ್ರ ಹಳದಿ. ಬೆಳಕಿಲ್ಲ. ನಾಳೆ ಕುಂದಾಪುರಕ್ಕೆ ರಿಪೇರಿಗೆ ಕೊಂಡುಹೋಗುವ ಎಂದು ಮಾತಾಡುತ್ತ ಕೂತಿದ್ದೆವು. ಆಗ ಹೆದ್ದಾರಿಯ ಕಡೆಯಿಂದ ರಿಕ್ಷಾವೊಂದು ಹಾರನ್ ಒತ್ತಿಹಿಡಿದುಕೊಂಡೇ ಬಂದು ನಿಂತಿತು. ಅದು ಪೂರಾ ನಿಲ್ಲುವ ಮೊದಲೇ ಒಬ್ಬ ಹೆಂಗಸು ಇಳಿದು, ಬರಿಗಾಲಲ್ಲಿ, ಬಿಚ್ಚಿದ ತುರುಬಿನಲ್ಲಿ ಕೂಗುತ್ತ ಓಡಿಬಂದರು. "ಅಕ್ಕಾ... ಅಯ್ಯೋ ಅಕ್ಕಾ... ನನ್ ಬಿಟ್ ಹೋದ್ಯಾ..."

ಅಂಗಳದ ಬೂದಿಯ ಹತ್ತಿರ ಬಂದು ನಿಂತರು. ಕಲ್ಲಿನ ಮೇಲೆ ಕೂತವರನ್ನು ಕಂಡರು.

"ಸತ್ತಿಲ್ಯಾ ನೀನ್!"

"ನೀನ್ ಬಪ್ಪುಕೆ ನಾನ್ ಸಾಯ್ಕಾ?"

ಹಿಂದೆ ರಿಕ್ಷಾದಿಂದಿಳಿದ ತಂಗಿಯ ಮಗನೂ ನಾನೂ ಮುಖಮುಖ ನೋಡಿಕೊಂಡೆವು. ತಂಗಿಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂತು.

"ಬೆಳ್ಕ್ ಇಲ್ಲೆ. ಕಾಲ್ ಮಾಡ್ರೆ ಸ್ವಿಚ್ ಆಫ್ ಅಂತಳ್ ಒಬ್ಳ್ ಹೆಣ್ಣ್. ಕಡಿಕ್ ಕಂಡ್ರೆ ಅಂಗ್ಳದಂಗೆ ಬೆಂಕಿ! ನಾನೆಂತ ಎಣ್ಸ್ಕಣ್ಕ್?"

ಅಕ್ಕ ಮೆಲ್ಲಗೆ ತಲೆಯೆತ್ತಿದರು. "ಕಾಲ್ ಮಾಡಿದ್ಯಾ? ನೀನಾ?"

"ಅಲ್ಲ, ನಿನ್ ಅಪ್ಪಯ್ಯ ಮಾಡ್ದ!"

"ಅವ್ನ್ ನಿಂಗೂ ಅಪ್ಪಯ್ಯನೇ ಅಲ್ದನೇ!"

ತಂಗಿ ಬಾಯಿಗೆ ಸೆರಗು ಒತ್ತಿಕೊಂಡರು. ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಬಂದು ಅಕ್ಕನ ಪಕ್ಕ, ಅದೇ ಕಲ್ಲಿನ ಮೇಲೆ ಕೂತು, ನನ್ನ ಕೈಯಿಂದ ಫೋನು ಕಸಿದುಕೊಂಡರು. "ಎಂತ ಆಯಿತ್ ಇದ್ಕೆ?" ತಿರುಗಿಸಿ ಬೆನ್ನ ಮೇಲೆ ಹೆಬ್ಬೆರಳಾಡಿಸಿದರು. ಬೆರಳನ್ನು ಮೂಗಿಗೆ ಹಿಡಿದರು.

"ಹರಳೆಣ್ಣಿ! ಇದ್ಕೂ ಕಾಡ್ಗಿ ಇಟ್ಟಿದ್ಯಾ?"

"ಮತ್ತೆ? ನಿನ್ನೆ ಇವ್ರ್ ಕಣ್ಣ್ ಬಿತ್ತಲೆ! ಎಂಥಾ ಬೆಳ್ಕ್ ಅಂದೇಳಿ ಹೊಗ್ಳಿದ್ರ್" ಎಂದು ಅಕ್ಕ ನನ್ನ ಕಡೆ ಬೊಟ್ಟು ಮಾಡಿದರು.

"ಹಾಂಗಂದೇಳಿ ಬೆಳ್ಕ್ ಬಪ್ಪ್ ಕಣ್ಣಿಗೇ ಇಡುದಾ?"

"ಚಂದ ಇದ್ದದ್ ಬೆಳ್ಕಲ್ದಾ? ಬೇರೆ ಎಲ್ಲ್ ಇಡುದ್?"

ಕರಿಯ ಫೋನಿನ ಮೇಲೆ ಕರಿಯ ಬೊಟ್ಟು. ಸಾಸಿವೆಯಷ್ಟು ದೊಡ್ಡ ಆ ದೀಪದ ಗಾಜಿನ ಮೇಲೆ ದಪ್ಪಗೆ ಕೂತಿತ್ತು. ತಂಗಿ ಸೆರಗಿನ ತುದಿಯಿಂದ ಒತ್ತಿ ಉಜ್ಜಿದರು. ಅಷ್ಟು ಹೊತ್ತೂ ಒಳಗೊಳಗೇ ಉರಿಯುತ್ತಿದ್ದ ಬೆಳಕು ಫಕ್ಕನೆ ಇಬ್ಬರ ಮುಖದ ಮೇಲೆ ಬಿತ್ತು.

ಆಗ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ವರ್ಷ ದಿನಾ ಸಂಜೆ ಕಂಡದ್ದು ಬರೀ ಬೆಳಕು. ಮುಖ ಕಂಡಿರಲಿಲ್ಲ.

"ಎಷ್ಟ್ ಮುದ್ಕಿ ಆದ್ಯೇ ನೀನ್" ಎಂದರು ಅಕ್ಕ, ಬಹಳ ಮೆತ್ತಗೆ.

"ನೀನೆಂತ ಮದ್ಮಗ್ಳಾ?"

ಆ ರಾತ್ರಿ ತಂಗಿ ಹೊರಡುವ ಮೊದಲು ದೇವರ ಗೂಡಿನಿಂದ ಕುಂಕುಮದ ಬಟ್ಟಲು ತಂದು ಅಕ್ಕನ ಮುಂದೆ ಹಿಡಿದರು. "ಮಗ್ಳ್ ಮದಿಗ್ ಬಾ ಅಕ್ಕ."

"ಮದಿ ಆಯಿ ಮಕ್ಕಳ್ ಶಾಲೆಗ್ ಹೋತೋ ಅಲ್ದನೇ!"

"ಆದ್ರೂ ಬಾ. ಮನಿಗ್ ಬಂದ್ ಹೇಳಿದಿ. ಕಿಟ್ಕಿಗ್ ಅಲ್ಲ."

ಮಾರನೆಯ ಬೆಳಗ್ಗೆ ಹೊಳೆಬಾಗಿಲಕ್ಕ ರೇಷ್ಮೆಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ರಸ್ತೆಬದಿ ನಿಂತಿದ್ದರು. ಎಲ್ಲಿಗೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ತಂಗಿ ಮಗ್ಳ್ ಮದಿಗೆ." ಹೊರಡುವ ಮುಂಚೆ ನನ್ನ ಫೋನು ಕೇಳಿ ಪಡೆದು ಅದರ ಬೆನ್ನಿಗೂ ಒಂದು ಬೊಟ್ಟು ಒತ್ತಿದರು. "ಬೆಳ್ಕಿನ್ ಕಣ್ಣ್ ತಪ್ಸಿ ಇಟ್ಟಿದಿ, ಹೆದ್ರ್‌ಬೇಡಿ." ಅದು ಮಾಸಿದಾಗಲೆಲ್ಲ ಕರೆದು ಹೊಸದಾಗಿ ಇಡುತ್ತಿದ್ದರು. ಅಕ್ಕತಂಗಿಯರ ಹೋಗಿಬರುವಿಕೆ ಮತ್ತೆ ಶುರುವಾಯಿತು. ಬೆಳಕೂ ಎಂದಿನಂತೆ ನಡೆಯಿತು. ಹೊತ್ತು ತಪ್ಪಿದರೆ ಈಗ ಫೋನಿನಲ್ಲಿ ಬೈಯುವ ಅನುಕೂಲವೂ ಸೇರಿತು.

ಕುಂದಾಪುರದಿಂದ ಬಂದ ಮೊನ್ನೆ ನಾನು ನಮ್ಮ ಮನೆಗೆ ಹೋಗದೆ ನೇರ ಹೊಳೆಬಾಗಿಲಿಗೆ ಹೋದೆ. ಅಕ್ಕನ ಸೂತಕದ ದಿನಗಳನ್ನು ಮುಗಿಸಿಯೇ ಹೋಗುವುದೆಂದು ತಂಗಿ ಅಲ್ಲೇ ಉಳಿದಿದ್ದರು. ಫೋನು ತೋರಿಸಿ, "ಬೊಟ್ಟ್ ಒರ್ಸಿಬಿಟ್ರ್" ಎಂದೆ. ಅವರು ಒಳಗಿನಿಂದ ಅಕ್ಕನ ಕರಡಿಗೆ ತಂದರು. ತಳದಲ್ಲಿ ಒಂದಿಷ್ಟು ಉಳಿದಿತ್ತು. ಬೆಳಕಿನ ಕಣ್ಣು ತಪ್ಪಿಸಿ ಒಂದು ಬೊಟ್ಟು ಇಟ್ಟು, ಬೆರಳನ್ನು ಕಿವಿಯ ಮೇಲಿನ ಬಿಳಿಗೂದಲಿಗೆ ಒರೆಸಿಕೊಂಡರು.

ದೀಪ ಹಚ್ಚುವ ಹೊತ್ತಾಗಿತ್ತು. ಅವರು ಎದ್ದು ಕಲ್ಲಿನ ಮೇಲೆ ಹೋಗಿ ಕೂತು, ಆಚೆ ದಡದ ತಮ್ಮ ಮನೆಯಲ್ಲಿದ್ದ ಸೊಸೆಗೆ ಫೋನು ಮಾಡಿದರು. "ಹ್ವಾಯ್, ನಾನ್ ನಿಂತ್ಕಂಬಲ್ಲಿ ನಿಂತ್ಕಂಡ್ ಬೆಳ್ಕ್ ಕಾಣ್ಸ್ ಕಾಂಬ."

"ಎಂತಕ್ ಅತ್ತೆ?" ಎಂದು ಆ ಹುಡುಗಿ ಕೇಳಿದ್ದು ನನಗೂ ಕೇಳಿಸಿತು.

"ಕಾಣ್ಸ್ ಅಂದ್ರೆ ಕಾಣ್ಸ್." ಆಮೇಲೆ ನನ್ನ ಕಡೆ ತಿರುಗಿ, "ಅವ್ಳ್ ಬೆಳ್ಕ್ ನಾನ್ ದಿನಾ ಕಂಡಿದಿ. ನನ್ ಬೆಳ್ಕ್ ಇಲ್ಲಿಗ್ ಹ್ಯಾಂಗ್ ಕಾಣತ್ತಂದೇಳಿ ಒಂದ್ ದಿನವೂ ಕಂಡದ್ದಿಲ್ಲೆ" ಎಂದರು.

ಹೊಳೆಯಾಚೆ, ತೆಂಗಿನ ಮರಗಳ ಕಪ್ಪಿನೊಳಗೆ ಒಂದು ಬಿಳಿಯ ಚುಕ್ಕಿ ಮೂಡಿತು. ಮಿಂಚುಹುಳವೆಂದರೆ ನಂಬಬೇಕು, ಅಷ್ಟೇ. ಅದು ನಿಧಾನಕ್ಕೆ ಸುತ್ತತೊಡಗಿತು.

ತಂಗಿ ಮುಂದಕ್ಕೆ ಬಾಗಿ, ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಇಷ್ಟೇಯಾ?" ಎಂದರು. "ಇಷ್ಟ್ ಸಣ್ಣದ್ ಕಾಂಬುಕೆ ಅವ್ಳ್ ದಿನಾ ಇಲ್ಲ್ ಬಂದ್ ಕೂಕಂತಿದ್ಲಾ?"

ಅವರ ಕೈಯ ಫೋನಿನಿಂದ ಸೊಸೆಯ ಸ್ವರ ಬಂತು: "ಅತ್ತೆ, ಕಾಣತ್ತಾ? ಒಳ್ಗ್ ಹೋಪ್ದಾ ನಾನ್?"

"ತಡಿ" ಎಂದರು ತಂಗಿ, ಆ ಚುಕ್ಕಿಯಿಂದ ಕಣ್ಣು ತೆಗೆಯದೆ. "ಇನ್ನೊಂದ್ ಸುತ್ತ್ ಸುತ್ತ್ಸ್."